ಯುದ್ಧ ಉಕ್ರೇನಿನಲ್ಲಿ, ತೈಲ ರಷ್ಯಾದ್ದು, ಪೆಟ್ಟು ತಿರುಪ್ಪೂರಿಗೆ

2025ರ ಆಗಸ್ಟ್ 27ರಂದು ಅಮೆರಿಕಕ್ಕೆ ಹೋಗುವ ಭಾರತದ ಹೆಚ್ಚಿನ ಸರಕುಗಳ ಮೇಲೆ ಶೇ. 50 ಹೆಚ್ಚುವರಿ ಸುಂಕ ಜಾರಿಗೆ ಬಂತು. ಇದರಲ್ಲಿ ಅರ್ಧ ಆಗಸ್ಟ್ 7ರಿಂದಲೇ ಇತ್ತು. ಉಳಿದರ್ಧ ದಂಡ. ಭಾರತ ರಷ್ಯಾದಿಂದ ಕಚ್ಚಾತೈಲ ಕೊಳ್ಳುತ್ತದೆ, ಆ ಹಣ ಉಕ್ರೇನ್ ಯುದ್ಧಕ್ಕೆ ಹೋಗುತ್ತದೆ ಎನ್ನುವುದು ಟ್ರಂಪ್ ಆಡಳಿತದ ವಾದ. ಭಾರತಕ್ಕಿಂತ ಹೆಚ್ಚು ರಷ್ಯಾ ತೈಲ ಕೊಳ್ಳುವ ಚೀನಾಕ್ಕೆ ಈ ದಂಡ ಹಾಕಲಿಲ್ಲ ಅನ್ನುವುದು ಬೇರೆ ಮಾತು. ವಾದ ಸರಿಯೋ ತಪ್ಪೋ, ಬಿಲ್ ಹೋಗಿ ಬಿದ್ದದ್ದು ಮಾಸ್ಕೋಗೂ ಅಲ್ಲ, ದಿಲ್ಲಿಗೂ ಅಲ್ಲ. ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ, ಪಕ್ಕದ ಕೊಯಮತ್ತೂರಿನ ನೂಲಿನ ಗಿರಣಿಗಳಿಗೆ.

ತಿರುಪ್ಪೂರು ಕರಾವಳಿಗೆ ಹೊಸ ಹೆಸರೇನಲ್ಲ. ಮಂಗಳೂರು, ಉಡುಪಿ, ಕಾಸರಗೋಡಿನ ಬಟ್ಟೆ ಅಂಗಡಿಗಳಲ್ಲಿ ಬನಿಯನ್, ಟಿ-ಶರ್ಟ್, ಮಕ್ಕಳ ಉಡುಪಿನ ಬಂಡಲ್‌ಗಳು ಅಲ್ಲಿಂದಲೇ ಬರುತ್ತವೆ. ಆದರೆ ಆ ಊರಿನ ದೊಡ್ಡ ವ್ಯಾಪಾರ ಇರುವುದು ಹೊರದೇಶಗಳ ಜೊತೆ. 2024-25ರಲ್ಲಿ ಅಲ್ಲಿಂದ 44 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಉಡುಪು ರಫ್ತಾಯಿತು. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಅಮೆರಿಕಕ್ಕೆ.

ಲೆಕ್ಕ ಹಾಕಿ ನೋಡಿ. ಹತ್ತಿಯ ಟಿ-ಶರ್ಟಿಗೆ ಅಮೆರಿಕದಲ್ಲಿ ಮೊದಲಿನಿಂದಲೂ ಶೇ. 16.5 ಸುಂಕ ಇದೆ. 2025ರ ಆಗಸ್ಟ್‌ನಲ್ಲಿ ಅದರ ಮೇಲೆ 50 ಸೇರಿ 66.5 ಆಯಿತು. ಆಗ ಬಾಂಗ್ಲಾದೇಶ, ವಿಯೆಟ್ನಾಂಗೆ ಹೆಚ್ಚುವರಿ ಸುಂಕ ಶೇ. 20 ಮಾತ್ರ ಇತ್ತು, ಪಾಕಿಸ್ತಾನಕ್ಕೆ 19. ಅಂದರೆ 5 ಡಾಲರಿನ ಅದೇ ಶರ್ಟಿಗೆ ತಿರುಪ್ಪೂರಿನದ್ದಾದರೆ ಸುಮಾರು 3 ಡಾಲರ್ 32 ಸೆಂಟ್ ಸುಂಕ, ಢಾಕಾದ್ದಾದರೆ 1 ಡಾಲರ್ 82 ಸೆಂಟ್. ವ್ಯತ್ಯಾಸ ಒಂದೂವರೆ ಡಾಲರ್, ನಮ್ಮ ಹಣದಲ್ಲಿ ಸುಮಾರು 130 ರೂಪಾಯಿ. ಒಂದು ಶರ್ಟಿನಲ್ಲಿ ಅಷ್ಟು ಲಾಭ ಉಳಿಸಿಕೊಳ್ಳುವ ರಫ್ತುದಾರ ಹುಡುಕಿದರೂ ಸಿಗಲಿಕ್ಕಿಲ್ಲ. ಅಮೆರಿಕದ ಖರೀದಿದಾರ ಒಂದೋ ಡಿಸ್ಕೌಂಟ್ ಕೇಳುತ್ತಾನೆ, ಇಲ್ಲವೇ ಆರ್ಡರ್ ನಿಲ್ಲಿಸುತ್ತಾನೆ.

ಹಾಗಾದರೆ ರಷ್ಯಾದ ಅಗ್ಗದ ತೈಲದ ಲಾಭ ಯಾರಿಗೆ ಹೋಯಿತು? 2022ರ ಯುದ್ಧಕ್ಕೆ ಮೊದಲು ನಮ್ಮ ತೈಲ ಆಮದಿನಲ್ಲಿ ರಷ್ಯಾದ ಪಾಲು ಶೇ. 2ರಷ್ಟೂ ಇರಲಿಲ್ಲ. 2024ರ ಹೊತ್ತಿಗೆ ಅದು ಮೂರನೇ ಒಂದು ಪಾಲು ದಾಟಿತು. ಈ ತೈಲ ಗುಜರಾತಿನ ಖಾಸಗಿ ರಿಫೈನರಿಗಳಿಗೂ ಬಂತು, ಸರಕಾರಿ ಕಂಪನಿಗಳಿಗೂ ಬಂತು. ಜನರಿಗೆ? 2022ರ ಮೇ ತಿಂಗಳಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದ ಮೇಲೆ ತೈಲ ಕಂಪನಿಗಳು ಪೆಟ್ರೋಲ್, ಡೀಸೆಲ್ ದರ ಇಳಿಸಿದ್ದು 2024ರ ಮಾರ್ಚ್‌ನಲ್ಲಿ, ಲೀಟರಿಗೆ 2 ರೂಪಾಯಿ. ಕೋಣಗಳ ಕಾದಾಟದಲ್ಲಿ ಗಿಡಕ್ಕೆ ಸಾವು ಅನ್ನುವ ಗಾದೆ ಹಳೆಯದು. ಇಲ್ಲಿ ಗಿಡದ ಹಣ್ಣು ಒಬ್ಬರಿಗೆ, ಮುರಿದ ಕೊಂಬೆ ಇನ್ನೊಬ್ಬರಿಗೆ.

ಹೊರಗಿನ ಶಕ್ತಿಗಳು ಈ ಪ್ರದೇಶದ ಹಣೆಬರಹ ಬರೆಯುವುದು ಇದೇ ಮೊದಲಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಕೊಯಮತ್ತೂರಿನ ಹತ್ತಿಗೂ ಬೆಲೆ ಬಂತು. 1888ರಲ್ಲಿ ಸ್ಟೇನ್ಸ್ ಎಂಬ ಬ್ರಿಟಿಷ್ ಉದ್ಯಮಿ ಅಲ್ಲಿ ಗಿರಣಿ ತೆರೆದ. ತಿರುಪ್ಪೂರಿಗೆ ಮೊದಲ ಹೆಣಿಗೆ ಯಂತ್ರ ತಂದವರು ಗುಲಾಂ ಖಾದರ್ ಎಂಬ ಮುಸ್ಲಿಂ ವ್ಯಾಪಾರಿ, 1925ರಲ್ಲಿ, ಎಂದು ಆ ಊರಿನ ಉದ್ಯಮದ ಇತಿಹಾಸ ಹೇಳುತ್ತದೆ. ಅವರ ಬೇಬಿ ನಿಟ್ಟಿಂಗ್‌ಗೆ ನೂರು ವರ್ಷ ತುಂಬುವ ವರ್ಷದಲ್ಲೇ ಈ ಸುಂಕ ಬಂದಿದೆ. 1970ರ ದಶಕದ ಕೊನೆಯಲ್ಲಿ ಇಟಲಿಯ ವ್ಯಾಪಾರಿಗಳು ಬಿಳಿ ಟಿ-ಶರ್ಟ್ ಹುಡುಕಿಕೊಂಡು ಬಂದರು. 2005ರಲ್ಲಿ ಜಾಗತಿಕ ಜವಳಿ ಕೋಟಾ ಮುಗಿದಾಗ ಬಾಗಿಲು ಪೂರ್ತಿ ತೆರೆಯಿತು. 2025ರಲ್ಲಿ ಅದೇ ಬಾಗಿಲನ್ನು ಆಚೆಯಿಂದ ಎಳೆಯಲಾಯಿತು.

ರಾಜಕೀಯವೂ ಇದರ ಜೊತೆಗೇ ಬೆಳೆಯಿತು. ಗಿರಣಿ ಕಾರ್ಮಿಕರ ಹೋರಾಟ ಎಡಪಕ್ಷಗಳಿಗೆ ಇಲ್ಲಿ ನೆಲೆ ಕೊಟ್ಟಿತು. ಇವತ್ತಿಗೂ ತಿರುಪ್ಪೂರಿನ ಸಂಸದರು ಸಿಪಿಐಯ ಕೆ. ಸುಬ್ಬರಾಯನ್. 1997ರ ನವೆಂಬರ್ ಗಲಭೆ, 1998ರ ಫೆಬ್ರವರಿ 14ರ ಬಾಂಬ್ ಸ್ಫೋಟಗಳ ನೆರಳಿನಲ್ಲಿ ಕೊಯಮತ್ತೂರಿನಿಂದ ಬಿಜೆಪಿಯ ಸಿ.ಪಿ. ರಾಧಾಕೃಷ್ಣನ್ ಎರಡು ಬಾರಿ ಗೆದ್ದರು. ತಿರುಪ್ಪೂರಿನಲ್ಲೇ ಹುಟ್ಟಿದ ಅವರು ಸುಂಕ ಜಾರಿಯಾದ ಎರಡೇ ವಾರಕ್ಕೆ ಉಪರಾಷ್ಟ್ರಪತಿಯಾಗಿ ಆಯ್ಕೆಯಾದರು. ಉಡುಪಿ, ಚಿಕ್ಕಮಗಳೂರಿನಲ್ಲಿ ಎಸ್ಪಿಯಾಗಿದ್ದ ಅಣ್ಣಾಮಲೈ 2024ರಲ್ಲಿ ಕೊಯಮತ್ತೂರಿನಲ್ಲಿ ನಿಂತು ಡಿಎಂಕೆ ಎದುರು ಸೋತದ್ದು ನಮ್ಮವರಿಗೆಲ್ಲ ನೆನಪಿದೆ.

2026ರಲ್ಲಿ ತಮಿಳುನಾಡಿನಲ್ಲಿ ವಿಧಾನಸಭಾ ಚುನಾವಣೆ ಬರಲಿತ್ತು. ಹಾಗಾಗಿ ಸುಂಕವೂ ಚುನಾವಣೆಯ ಸರಕಾಯಿತು. ತಮಿಳುನಾಡಿನ ಜವಳಿ ವಲಯ ಸುಮಾರು 75 ಲಕ್ಷ ಮಂದಿಗೆ ಕೆಲಸ ಕೊಟ್ಟಿದೆ, 30 ಲಕ್ಷ ಉದ್ಯೋಗ ಅಪಾಯದಲ್ಲಿದೆ ಅಂತ ಮುಖ್ಯಮಂತ್ರಿ ಸ್ಟಾಲಿನ್ ಆಗಸ್ಟ್‌ನಲ್ಲೇ ಪ್ರಧಾನಿಗೆ ಪತ್ರ ಬರೆದರು. ಡಿಎಂಕೆ ಮೈತ್ರಿಕೂಟ ತಿರುಪ್ಪೂರಿನಲ್ಲಿ ಪ್ರತಿಭಟನೆಯನ್ನೂ ಮಾಡಿತು. ಕೇಂದ್ರ ಹತ್ತಿಯ ಮೇಲಿನ ಶೇ. 11 ಆಮದು ಸುಂಕವನ್ನು ಡಿಸೆಂಬರ್ 31ರವರೆಗೆ ತೆಗೆದುಹಾಕಿತು. ಬ್ರಿಟನ್ ಜೊತೆ 2025ರ ಜುಲೈ 24ರಂದು ಆದ ವ್ಯಾಪಾರ ಒಪ್ಪಂದವನ್ನು ಬಿಜೆಪಿ ಮುಂದಿಟ್ಟಿತು. ಚೆನ್ನೈ ದಿಲ್ಲಿಯನ್ನು ತೋರಿಸಿತು, ದಿಲ್ಲಿ ವಾಷಿಂಗ್ಟನ್ನನ್ನು ತೋರಿಸಿತು.

ಈ ತೋರುಬೆರಳುಗಳ ನಡುವೆ ಕಾಣದೆ ಹೋಗುವವನು ಹೊಲಿಗೆ ಯಂತ್ರದ ಮುಂದೆ ಕೂತವನು. ತಿರುಪ್ಪೂರಿನ ಲಕ್ಷಾಂತರ ಕಾರ್ಮಿಕರು ಬಿಹಾರ, ಒಡಿಶಾ, ಜಾರ್ಖಂಡ್, ಬಂಗಾಳದಿಂದ ಬಂದವರು. ಹೆಚ್ಚಿನವರ ಮತ ಊರಿನಲ್ಲಿದೆ, ಹೊಟ್ಟೆಪಾಡು ಇಲ್ಲಿದೆ. ಆರ್ಡರ್ ಕಡಿಮೆಯಾದರೆ ಮೊದಲು ನಿಲ್ಲುವುದು ಓವರ್‌ಟೈಮ್. ಆಮೇಲೆ ಒಂದು ಶಿಫ್ಟ್. ಆಮೇಲೆ ಊರಿಗೆ ಹೋಗಿ ಬಾ, ಫೋನ್ ಮಾಡುತ್ತೇವೆ ಅನ್ನುವ ಮಾತು. ಇದು ಯಾವ ನಿರುದ್ಯೋಗದ ಪಟ್ಟಿಗೂ ಸೇರುವುದಿಲ್ಲ. ಕಟಿಂಗ್, ಚೆಕ್ಕಿಂಗ್, ಎಂಬ್ರಾಯ್ಡರಿಯ ಸಣ್ಣ ಜಾಬ್ ವರ್ಕ್ ಘಟಕಗಳದ್ದೂ ಇದೇ ಕತೆ. ಸರಕಾರದ ರಫ್ತು ಪ್ರೋತ್ಸಾಹ ರಫ್ತು ಬಿಲ್ ಇರುವವನಿಗೆ ಸಿಗುತ್ತದೆ. ಇವರ ಕೈಯಲ್ಲಿ ಆ ಬಿಲ್ಲೇ ಇಲ್ಲ.

ಈ ಕಾರ್ಮಿಕರು ರಾಜಕೀಯಕ್ಕೆ ಕಂಡದ್ದೂ ಇದೆ. 2023ರ ಮಾರ್ಚ್‌ನಲ್ಲಿ ತಮಿಳುನಾಡಿನಲ್ಲಿ ಬಿಹಾರಿಗಳ ಮೇಲೆ ಹಲ್ಲೆ ಅನ್ನುವ ನಕಲಿ ವಿಡಿಯೊಗಳು ಹರಡಿ ತಿರುಪ್ಪೂರಿನ ಕಾರ್ಮಿಕರು ಹೆದರಿದಾಗ ಬಿಹಾರ ವಿಧಾನಸಭೆಯಲ್ಲಿ ಗದ್ದಲವಾಯಿತು, ಅಧಿಕಾರಿಗಳ ತಂಡವೇ ಬಂತು. ಸುಳ್ಳು ಸುದ್ದಿಗೆ ಸಿಕ್ಕ ಆ ಗಮನ ನಿಜವಾದ ಸಂಬಳ ಕಡಿತಕ್ಕೆ ಸಿಕ್ಕಿಲ್ಲ.

ಬ್ಯಾರಿ ಮನೆಗಳಿಗೆ ಈ ಅನುಭವ ಹೊಸತಲ್ಲ. 2017ರ ಜುಲೈಯಲ್ಲಿ ಸೌದಿ ಸರಕಾರ ಅವಲಂಬಿತರ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿದಾಗ, ಮರುವರ್ಷ ಅದನ್ನು ಏರಿಸಿದಾಗ, ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಊರಿಗೆ ಬಂದವು. ಅಲ್ಲಿ ಮತವಿಲ್ಲ, ಇಲ್ಲಿ ಕೇಳುವವರಿಲ್ಲ. ಬಿಹಾರದ ದರ್ಜಿಗೆ ತಿರುಪ್ಪೂರು ಹೇಗೋ, ನಮ್ಮವರಿಗೆ ಜುಬೈಲ್, ದಮ್ಮಾಮ್ ಹಾಗೆ.

ಯಾರಿಂದ ತೈಲ ಕೊಳ್ಳಬೇಕು ಅಂತ ತೀರ್ಮಾನಿಸುವುದು ಭಾರತದ ಹಕ್ಕು. ಅಮೆರಿಕದ ಬೆದರಿಕೆಗೆ ಬಗ್ಗಬಾರದು ಎನ್ನುವುದರಲ್ಲೂ ತಪ್ಪಿಲ್ಲ. ಆದರೆ ದೇಶ ಒಂದು ನಿಲುವು ತೆಗೆದುಕೊಂಡರೆ ಅದರ ಖರ್ಚನ್ನೂ ದೇಶವೇ ಹೊರಬೇಕು. ಅಗ್ಗದ ತೈಲದಿಂದ ಗಳಿಸಿದ ಕಂಪನಿಗಳ ಲಾಭದಲ್ಲಿ ಒಂದು ಪಾಲು, ಕೆಲಸ ನಿಂತ ದಿನಗಳ ಸಂಬಳಕ್ಕೆ ನೇರವಾಗಿ ಹೋಗಲಿ. ಜಾಬ್ ವರ್ಕ್ ಘಟಕದ ಸಾಲದ ಕಂತಿಗೆ ಸಮಯ ಸಿಗಲಿ. ಸುಂಕವೇನೋ ಆಮೇಲೆ ಇಳಿಯಿತು. ಆದರೆ ಊರಿಗೆ ರೈಲು ಹತ್ತಿದವನ ಎರಡು ತಿಂಗಳ ಸಂಬಳ ಯಾವ ಒಪ್ಪಂದದಲ್ಲೂ ವಾಪಸ್ ಬರುವುದಿಲ್ಲ. ಚುನಾವಣೆಗೆ ತಿರುಪ್ಪೂರಿಗೆ ಬರುವ ಪ್ರತಿ ಪಕ್ಷದ ಹತ್ತಿರ ಕೇಳಬೇಕಾದ್ದು ಆ ಎರಡು ತಿಂಗಳ ಲೆಕ್ಕವನ್ನು.