ಮೇಜು ಇರ್ಲಿ, ಬೇಟೆ ಬ್ಯಾಡ

ಈ ಸಲ ಅಡುಗೆ ಸುದ್ದಿ ಇಲ್ಲೆ, ಹಬ್ಬದ ಸುದ್ದಿನೂ ಇಲ್ಲೆ. ಜಗಳ ಮಾಡಲೆ ಹೇಳಿಯೇ ಕೂತಿದ್ದೆ. ಅಕ್ಕಯ್ಯಂದಿರು, ತಂಗ್ಯಕ್ಕೊ, ಅತ್ತಿಗೆಯಕ್ಕೊ ಓದಿ ಆದ್ಮೇಲೆ ಮನೆ ಗಂಡಸ್ರಿಗೂ ಓದಿ ಹೇಳಿ. ಅವ್ಕೆ ಸಿಟ್ಟು ಬಂದ್ರೆ ಬರ್ಲಿ.

ಮಳೆಗಾಲ ಮುಗಿತಾ ಇದ್ದಂಗೆ ಯಮ್ಮನೆ ಅಂಗಳದ ಮೂಲೆಲ್ಲಿ ಒಂದು ಮೇಜು ಎದ್ದು ನಿಂತ್ತು. ಸೊಂಟದೆತ್ತರ, ಎಂಟು ಅಡಿ ಉದ್ದ, ಎರಡು ಅಡಿ ಅಗಲ. ಹತ್ತಲೆ ಇಳಿಯಲೆ ಅಡಕೆ ದಬ್ಬೆ ಜೋಡಿಸಿದ ಏರು. ಮೇಲೆ ಎರಡು ಕಂಬದ ನಡುವೆ ತಂತಿ ಎಳೆದು, ಅದಕ್ಕೊಂದು ಸರಪಳಿ ಇಳಿಬಿಟ್ಟಿತ್ತು. ಮೈದುನನ ಮಗನ ಕೆಲಸ.

“ಎಂತದಾ ಮಾಣಿ ಇದು, ಹಪ್ಪಳ ಒಣಗ್ಸಲನಾ?” ಕೇಳ್ದೆ.

“ಅಲ್ಲ ದೊಡ್ಡಾಯಿ, ನಾಯಿಗೆ ಟ್ರೇನಿಂಗ್ ಮೇಜು. ಅಮೆರಿಕದಲ್ಲಿ ಬೇಟೆ ನಾಯಿಗೆಲ್ಲ ಹಿಂಗೇ ಕಲ್ಸ್ತ. ನಮ್ಮ ಕರಿಯನ್ನ ಹಂದಿ ಬೇಟೆಗೆ ತಯಾರು ಮಾಡ್ತೆ.”

ಕರಿಯ ಹೇಳಿರೆ ಆರು ತಿಂಗಳ ಮರಿ. ಮಜ್ಜಿಗೆ ಅನ್ನ ತಿಂದು, ಕೊಟ್ಟಿಗೆ ಬಾಗಿಲಲ್ಲಿ ಮಲಗಿ, ಕೋಳಿ ಕಂಡ್ರೂ ಹಿಂದೆ ಸರಿತು. ಅದಕ್ಕೆ ಹಂದಿ ಬೇಟೆ!

ಯಂಗೆ ತಡೆಯಲಾಗದೆ ಮಾಣಿಯ ಫೋನಿನಲ್ಲಿದ್ದ ವಿಡಿಯೋ ಎಲ್ಲ ಕೂತು ನೋಡ್ದೆ. ನೋಡಿ ತಿಳ್ಕಂಡಿದ್ದನ್ನ ಹೇಳ್ತೆ. ಅಲ್ಲಿಯ ಮೇಜು ಹಂದಿಗಲ್ಲ, ಹಕ್ಕಿಗೆ. ಗುಂಡು ತಾಗಿ ಬಿದ್ದ ಹಕ್ಕಿಯನ್ನ ನಾಯಿ ಹುಡುಕಿ, ಹಲ್ಲು ಊರದೆ ಬಾಯಲ್ಲಿ ಹಿಡಿದು, ತಂದು ಯಜಮಾನನ ಕೈಗೆ ಕೊಡವು. ಆ ಪಾಠ ಮೇಜಿನ ಮೇಲೆ ಶುರು. ನಾಯಿಯ ಕೊರಳಪಟ್ಟಿಯನ್ನ ಮೇಲಿನ ತಂತಿಗೆ ಸಿಕ್ಕಿಸ್ತ. ನಾಯಿ ಆ ಕಡೆ ಈ ಕಡೆ ನಡೆಯಲಾಗ್ತು, ಓಡಲಾಗ್ತಿಲ್ಲೆ. ಬಾಯಿಗೆ ಒಂದು ಮರದ ತುಂಡು ಕೊಡ್ತ. ಹಿಡಿದ್ರೆ ಶಾಬಾಸ್. ಹಿಡಿಯದಿದ್ರೆ, ಕೆಲವರು ಕಿವಿ ಚಿವುಟ್ತ. ನೋವಿಗೆ ಬಾಯಿ ತೆರೆದ ಕೂಡ್ಲೆ ತುಂಡು ಒಳಗೆ, ಕಿವಿ ಬಿಡ್ತ. ಮತ್ತೆ ಕೆಲವರು ಕಾಲ್ಬೆರಳಿಗೆ ಹುರಿ ಸುತ್ತಿ ಎಳೀತ. ನಾಯಿಗೆ ಅರ್ಥ ಆಪದು ಒಂದೇ: ಬಾಯಲ್ಲಿ ಹಿಡ್ಕಂಡ್ರೆ ನೋವು ನಿಲ್ತು. ಇದನ್ನ ಒಪ್ಪದೇ ಬರೀ ತಿಂಡಿ ಕೊಟ್ಟೇ ಕಲಿಸೋ ತರಬೇತಿದಾರರೂ ಅಲ್ಲೇ ಇದ್ದ. ಅವರ ವಿಡಿಯೋ ಮಾಣಿ ನೋಡಿದ್ದೇ ಇಲ್ಲೆ.

ಹಠಕ್ಕೆ ಬಿದ್ದು ಮೇಜೇ ಕೆಟ್ಟದ್ದು ಹೇಳ್ತ್ನಿಲ್ಲೆ. ಮೇಜಿನ ಬುದ್ಧಿವಂತಿಕೆ ಯಂಗೂ ಕಂಡ್ತು. ನೆಲದ ಮೇಲೆ ಮರಿ ಹಿಡಿಯಲೆ ಹೋದ್ರೆ ಅದಕ್ಕೆ ಆಟ, ನಮಗೆ ಸೊಂಟನೋವು. ಎತ್ತರದಲ್ಲಿ ನಿಲ್ಲಿಸಿದ್ರೆ ನಾವು ಬಗ್ಗವು ಹೇಳಿ ಇಲ್ಲೆ, ಅದರ ಕಣ್ಣು ನಮ್ಮ ಕಣ್ಣಿಗೆ ಹತ್ರ ಬತ್ತು, ಜಾಗ ಚಿಕ್ಕದಾದ್ದರಿಂದ ಗಮನ ಆಚೀಚೆ ಹೋಗ್ತಿಲ್ಲೆ. ದಿನಾ ಅಲ್ಲೇ ನಿಲ್ಲಿಸಿದ್ರೆ, ಇಲ್ಲಿ ಹತ್ತಿದ್ರೆ ಪಾಠ, ಇಳಿದ್ರೆ ಆಟ ಹೇಳಿ ಮರಿಗೂ ಗೊತ್ತಾಗ್ತು.

ಆದ್ರೆ ಅದೇ ಎತ್ತರಕ್ಕೆ ಇನ್ನೊಂದು ಮುಖ ಇದ್ದು. ನಾಲ್ಕು ಕಾಲಿನ ಪ್ರಾಣಿಗೆ ನೆಲ ಬಿಟ್ರೆ ಧೈರ್ಯ ಅರ್ಧ ಹೋಗ್ತು. ಹಾರಲೆ ಹೆದರಿಕೆ, ಓಡಲೆ ಸರಪಳಿ. ಆಗ ಅದು ಸುಮ್ಮನೆ ನಿಂತ್ರೆ ಕಲ್ತ್ತು ಹೇಳಿ ಅಲ್ಲ, ದಾರಿ ಇಲ್ಲದೇ ನಿಂತ್ತು. ಹೊಸ ಸೊಸೆ ಬಾಯಿ ಮುಚ್ಚಿಕೊಂಡಿದ್ರೆ “ಎಷ್ಟು ಒಳ್ಳೆ ಕೂಸು” ಹೇಳಿ ಹೊಗಳ್ತಿದ್ದ ಕಾಲ ನಾವೆಲ್ಲ ಕಂಡಿದ್ದು. ಸುಮ್ಮನಿಪ್ಪದಕ್ಕೂ ಒಪ್ಪಿಕೊಂಬದಕ್ಕೂ ಎಷ್ಟು ದೂರ ಹೇಳಿ ನಮಗೆ ಯಾರೂ ಕಲಿಸಿಕೊಡವು ಹೇಳಿ ಇಲ್ಲೆ.

ಇನ್ನು ಬೇಟೆ ಮಾತು. “ತಿಂಬಲೆ ಅಲ್ಲ ದೊಡ್ಡಾಯಿ, ತೋಟ ಉಳ್ಸಲೆ” ಹೇಳ್ದ ಮಾಣಿ. ಹೌದು, ಹಂದಿ ಕಾಟ ಸುಳ್ಳಲ್ಲ. ಹೊನ್ನಾವರ, ಕುಮಟೆ, ಭಟ್ಕಳದ ಬೆಟ್ಟದ ಬುಡದಲ್ಲಿ ಗದ್ದೆ ಇಪ್ಪ ಯಾರನ್ನಾದ್ರೂ ಕೇಳಿ. ಒಂದು ರಾತ್ರಿ ಹಂದಿ ಹಿಂಡು ಇಳಿದ್ರೆ ತೆನೆ ಬಂದ ಗದ್ದೆ ಚಾಪೆ ಹಾಸಿದಂಗೆ ಮಲಗ್ತು, ಬಾಳೆ ಬುಡ ಮೇಲಾಗ್ತು. ಬೆಳಿಗ್ಗೆ ಅದನ್ನ ನೋಡಿ ನಿಂತ ಹೊಟ್ಟೆಯುರಿ ಯಂಗೂ ಗೊತ್ತಿದ್ದು. ಆದ್ರೆ ಅದಕ್ಕೆ ಉತ್ತರ ಕರಿಯ ಅಲ್ಲ.

ಮೊದಲನೇದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದೊಂದೇ ಅಲ್ಲ. ಕಾಡುಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು, ಹೊರಗೆ ಅಟ್ಟಿ ತರುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನ ಮಾಡುವುದು, ಎಲ್ಲವೂ ಬೇಟೆಯೇ. “ನಾನು ಕೋವಿ ಮುಟ್ಲಿಲ್ಲೆ, ನಾಯಿ ಓಡ್ತು ಅಷ್ಟೇ” ಹೇಳಿರೆ ನಡೆತಿಲ್ಲೆ. ಬೆಳೆ ರಕ್ಷಣೆಗೆ ಹೇಳಿ ಕೋವಿಯ ಪರವಾನಗಿ ಇದ್ರೂ ಅದು ಕೋವಿ ಇಟ್ಕಂಬಲೆ, ಬೇಟೆಗಲ್ಲ. ಸಿಕ್ಕಿಬಿದ್ರೆ ಕೋವಿ ಹೋಗ್ತು, ಬೈಕು ಹೋಗ್ತು, ಮಾಣಿನೂ ಹೋಗ್ತ. ಆಮೇಲೆ ವಕೀಲರ ಮನೆಗೆ ತಿರುಗದು ಯಾರು? ಬಳೆ ಅಡ ಇಡದು ಯಾರು? ಹೇಳವು ಹೇಳಿ ಇಲ್ಲೆ.

ಎರಡನೇದು ನಾಯಿಯ ಗತಿ. ಹಂದಿಯ ಕೋರೆ ಕತ್ತಿಗಿಂತ ಕಡಿಮೆ ಅಲ್ಲ. ಹೊಟ್ಟೆ ಸೀಳಿಸಿಕೊಂಡು ಬಂದ ನಾಯಿ ಗಂಡಸರ ಹತ್ರ ಹೋಗ್ತಿಲ್ಲೆ, ಬಚ್ಚಲ ಹಿಂದೆ ಬಂದು ಮಲಗ್ತು. ಅರಿಶಿನ ಹಾಕದು, ನೊಣ ಓಡ್ಸದು, ರಾತ್ರಿ ನಾಲ್ಕು ಸಲ ಎದ್ದು ನೀರು ಬಿಡದು ನಮ್ಮ ಪಾಲು. ಬೇಟೆ ಕಥೆ ಹೇಳಲೆ ಜಗಲಿ ಮೇಲೆ ಅವರು.

ಮಾಣಿ ಶಾಣ್ಯಾ. ಇತಿಹಾಸ ತೆಗೆದ. “ಆತಕೂರು ಶಾಸನ ಗೊತ್ತಿದ್ದಾ ದೊಡ್ಡಾಯಿ? ಕನ್ನಡನಾಡಲ್ಲಿ ಬೇಟೆ ನಾಯಿಗೆ ವೀರಗಲ್ಲು ಹಾಕಿದ್ದ” ಹೇಳ್ದ. ಗೊತ್ತಿದ್ದು. ಮದ್ದೂರಿನ ಹತ್ರದ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಅದು. ಸುಮಾರು 950ನೇ ಇಸವಿಯ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಎಂಬ ವೀರ, ಏನು ಬೇಕು ಎಂದು ಕೇಳಿದಾಗ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಲ್ಲಿನಲ್ಲಿ ಹಂದಿ, ನಾಯಿ ಎರಡೂ ಕಾದಾಡುವ ಚಿತ್ರ ಇದೆ. ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು.

“ಮುಂದಿಂದು ಓದಿದ್ಯಾ ತಮಾ?” ಕೇಳ್ದೆ. “ಅಷ್ಟು ದೊಡ್ಡ ನಾಯಿ, ರಾಜನ ಮನೆ ನಾಯಿ, ಅದೂ ಬದುಕಿ ಮನೆಗೆ ಬರ್ಲಿಲ್ಲೆ. ನಮ್ಮ ಕರಿಯಂಗೆ ಕಲ್ಲು ಯಾರು ಹಾಕ್ತ, ನೀನಾ?” ಮಾಣಿ ಮಾತಾಡ್ಲಿಲ್ಲೆ.

ಹಂಗಾರೆ ಹಂದಿಗೆ ಎಂತ ಮಾಡದು ಹೇಳಿ ನಿಂಗೊ ಕೇಳ್ತ್ರಿ. ನಾಯಿಯ ಕೆಲಸ ಕಚ್ಚದಲ್ಲ, ಕೂಗದು. ಬೇಲಿಯ ಒಳಗೆ ಓಡಾಡಿಕೊಂಡಿದ್ದು, ಸಪ್ಪಳ ಕೇಳಿದ ಕೂಡ್ಲೆ ಬೊಗಳಿ ನಮ್ಮನ್ನ ಎಬ್ಬಿಸೋ ನಾಯಿ ಸಾಕು. ಉಳಿದ ಕೆಲಸ ಬೇಲಿದು, ದೀಪದ್ದು, ಎದ್ದು ಹೋಪ ಮನುಷ್ಯಂದು. ಇದಕ್ಕೆ ಕಲಿಸವು ಹೇಳಿ ಇದ್ರೆ ಎರಡೇ ಪಾಠ: ಕರೆದ್ರೆ ಬರದು, ನಿಲ್ಲು ಹೇಳಿರೆ ನಿಲ್ಲದು. ಬೇಲಿ ದಾಟಿ ಕಾಡಿಗೆ ನುಗ್ಗೋ ನಾಯಿಯನ್ನ ಒಂದೇ ಕೂಗಿಗೆ ತಿರುಗಿಸಲಾದ್ರೆ ಅದೇ ದೊಡ್ಡ ತರಬೇತಿ.

ಇಲ್ಲಿ ಬೇಟೆ ಆಡದ ಮನೆಯವರಿಗೂ ಒಂದು ಮಾತು ಇದ್ದು. “ನಮ್ಮನೆಲ್ಲಿ ಬೇಟೆ ಇಲ್ಲೆ” ಹೇಳಿ ಎದೆ ತಟ್ಟಿಕೊಂಬ ಎಷ್ಟೋ ಮನೆಲ್ಲಿ ನಾಯಿ ಹಗಲು ರಾತ್ರಿ ತೋಟದ ಮೂಲೆಲ್ಲಿ ಮಂಗ ಕಾಯಲೆ ಮೂರು ಮೊಳದ ಸರಪಳಿಲ್ಲಿ ಇದ್ದು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ವಿಪರೀತ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದೂ ಅಪರಾಧ, ಯಾವಾಗಲೂ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದೇ ಇರುವುದೂ ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತಿದ್ದಾ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಯಾರೂ ಹೆದರ್ತ್ವಿಲ್ಲೆ, ಅದಕ್ಕೇ ನಮ್ಮ ಮನಸ್ಸೇ ಹೆದರವು. ಮೇಲಾಗಿ, ರಾತ್ರಿ ಕಾಡಂಚಿನಲ್ಲಿ ಕಟ್ಟಿದ ನಾಯಿ ಹೇಳಿರೆ ಚಿರತೆಗೆ ಬಡಿಸಿಟ್ಟ ಊಟ. ಕಾವಲಿಗೆ ಕಟ್ಟಿ, ತಪ್ಪಿಸಿಕೊಂಬಲೂ ಆಗದಂಗೆ ಮಾಡಿ, ಬೆಳಿಗ್ಗೆ ಬರೀ ಸರಪಳಿ ನೋಡಿ “ಪಾಪ” ಹೇಳಿರೆ ಎಂತ ಬಂತು?

ಹಾಂಗೇ ಮುಧೋಳ ನಾಯಿ ತಪ್ಪ ಮರುಳು. 2005ರಲ್ಲಿ ಅಂಚೆಚೀಟಿಯಲ್ಲಿ ಬಂದ, ಸೈನ್ಯದವರೂ ಒಯ್ದ ತಳಿ, ನಮ್ಮ ಹೆಮ್ಮೆ, ಒಪ್ಪಿದೆ. ಆದ್ರೆ ಅದು ಬಯಲುಸೀಮೆಲ್ಲಿ ಕಣ್ಣಿಗೆ ಕಂಡ ಮೊಲದ ಹಿಂದೆ ಗಾಳಿಯಂಗೆ ಓಡೋ ನಾಯಿ. ಅದನ್ನ ತಂದು ನಮ್ಮ ಜಡಿಮಳೆಲ್ಲಿ, ಹತ್ತು ಹೆಜ್ಜೆಗೊಂದು ಮರ ಇಪ್ಪ ಊರಲ್ಲಿ, ಕಂಬಕ್ಕೆ ಕಟ್ಟದು ಹೇಳಿರೆ ಮೀನನ್ನ ಮರ ಹತ್ತಿಸಿದಂಗೆ.

ಈಗ ಮೇಜಿಗೆ ಬತ್ತೆ. ಮೇಜು ಯಾಕೆ ಇರ್ಲಿ ಹೇಳ್ತೆ ಹೇಳಿರೆ, ಅದರಿಂದ ನಮಗೆ ಕೆಲಸ ಇದ್ದು.

ನಾಯಿಯ ಕಿವಿಲ್ಲಿ ಉಣುಗು ನೋಡದು ಯಾರು? ನಾವು. ಬೆಟ್ಟಕ್ಕೆ ಹೋಗಿ ಬಂದ ನಾಯಿ ಕಾಡಿನ ಉಣುಗನ್ನ ಮೈಮೇಲೆ ಹೊತ್ತು ಜಗಲಿವರೆಗೆ ತತ್ತು. ಮಂಗನ ಕಾಯಿಲೆ ಉಣುಗಿಂದ ಬತ್ತು ಹೇಳಿ ನಮಗೆಲ್ಲ ಗೊತ್ತಿದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕಿದ ಆ ರೋಗ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂದು ಜೀವ ತೆಗೆದಿದ್ದು. ದರಕು ತಪ್ಪಲೆ ಬೆಟ್ಟಕ್ಕೆ ಹೋಪವ್ಕೆ ಆರೋಗ್ಯ ಇಲಾಖೆಯವರು ಮೈಗೆ ಹಚ್ಚಲೆ ಎಣ್ಣೆ ಕೊಡ್ತ. ಮೈಗೆ ಎಣ್ಣೆ ಹಚ್ಚಿಕೊಂಡು, ನಾಯಿ ಮೈ ನೋಡದೇ ಬಿಟ್ರೆ ಅರ್ಧ ಕೆಲಸ ಆದಂಗೆ.

ಅದಕ್ಕೆ ಕರಿಯಂಗೆ ಆನೇ ಮೇಜಿನ ಪಾಠ ಶುರು ಮಾಡಿದ್ದು ಹೀಂಗೆ. ಹಲಗೆ ಜಾರ್ತು ಹೇಳಿ ಮೇಲೆ ಗೋಣಿತಾಟು ಹಾಸಿದೆ. ಎತ್ತಿ ಕೂರಿಸ್ಲಿಲ್ಲೆ, ಏರಿನ ಮೇಲೆ ದೋಸೆ ಚೂರು ಇಡ್ತಾ ಹೋದೆ, ತಾನೇ ಹತ್ತಿ ಬಂತು. ಮೊದಲ ದಿನ ಹತ್ತಿ ತಿಂದು ಇಳಿದ್ದು, ಅಷ್ಟೇ. ಎರಡನೇ ದಿನ ಬೆನ್ನು ಮುಟ್ಟಿದೆ. ಆಮೇಲೆ ಕಿವಿ ಮಡಚಿ ನೋಡದು, ಬೆರಳ ಸಂದಿ ನೋಡದು, ತುಟಿ ಎತ್ತಿ ಹಲ್ಲು ನೋಡದು. ಒಂದೊಂದಕ್ಕೂ ಒಂದು ಚೂರು. ಮೂರು ನಿಮಿಷಕ್ಕಿಂತ ಹೆಚ್ಚು ಮಾಡ್ಲಿಲ್ಲೆ. ಅದು ಇಳಿತೆ ಹೇಳಿರೆ ಇಳಿಯಲೆ ಬಿಟ್ಟೆ. ಬಿಟ್ಟದ್ದಕ್ಕೇ ಮರುದಿನ ಮೊದಲೇ ಬಂದು ನಿಂತ್ತು. “ನಿಲ್ಲು” ಹೇಳದನ್ನ ಮೇಜಿನ ಮೇಲೆ ಕಲ್ತ ಮೇಲೆ ಅಂಗಳದಲ್ಲಿ, ಆಮೇಲೆ ಬೇಲಿ ಹತ್ರ ಹೇಳಿಕೊಟ್ಟೆ. ಮೇಜಿನ ಮೇಲೆ ಕಲ್ತದ್ದು ನೆಲದಲ್ಲಿ ತನ್ನಷ್ಟಕ್ಕೇ ಬತ್ತಿಲ್ಲೆ, ಮತ್ತೆ ಮೊದಲಿಂದ ಹೇಳವು.

ಎರಡು ಎಚ್ಚರಿಕೆ. ಮೇಜಿನ ಮೇಲೆ ಕೊರಳಿಗೆ ಸರಪಳಿ ಸಿಕ್ಕಿಸಿ ಒಳಗೆ ಒಲೆ ನೋಡಲೆ ಹೋಪಲಾಗ, ಹಾರಿದ್ರೆ ಅಲ್ಲೇ ಉರುಳು. ಮರಿ ಎತ್ತರದಿಂದ ಹಾರಲೂ ಬಿಡಲಾಗ, ಎಳೆ ಕಾಲು ಮುರಿತು. ಒಂದು ಕೈ ಯಾವಾಗಲೂ ಅದರ ಎದೆ ಮೇಲೆ ಇರ್ಲಿ.

ಮೊನ್ನೆ ಹುಚ್ಚುನಾಯಿ ರೋಗದ ಲಸಿಕೆಗೆ ದನದ ಆಸ್ಪತ್ರೆಗೆ ಕರ್ಕಂಡು ಹೋದಾಗ ಫಲ ಕಂಡ್ತು. ಅಲ್ಲೂ ಮೇಜೇ ಅಲ್ದಾ? ಕರಿಯ ಹತ್ತಿ, ಸೂಜಿ ಚುಚ್ಚಿಸಿಕೊಂಡು, ದೋಸೆ ಚೂರಿಗೆ ಯನ್ನ ಕೈ ನೋಡ್ತು. ಮುಂಚಿನ ನಾಯಿಗೆ ನಾಲ್ಕು ಜನ ಹಿಡಿದೂ ಆಗದೇ, ಲಸಿಕೆ ಇಲ್ಲದೇ ತಿರುಗಿ ತಂದಿದ್ದು ನೆನಪಾತು. ಲಸಿಕೆ ಇಲ್ಲದ ನಾಯಿ ಮನೆಲ್ಲಿ ಮಕ್ಕಳ ಮಧ್ಯೆ ಇಪ್ಪದು ಎಷ್ಟು ಅಪಾಯ ಹೇಳಿ ಆಗ ತಲೆಗೆ ಹೋಗಿತ್ತಿಲ್ಲೆ.

ತಂತಿ, ಸರಪಳಿ ಎರಡನ್ನೂ ಆನೇ ಬಿಚ್ಚಿ ಕೊಟ್ಟಿಗೆ ಅಟ್ಟಕ್ಕೆ ಹಾಕಿದ್ದೆ. ಮಾಣಿ ನಾಲ್ಕು ದಿನ ಮುಖ ಕೊಟ್ಟು ಮಾತಾಡ್ಲಿಲ್ಲೆ. “ದೊಡ್ಡಾಯಿ ನಾಯಿಯನ್ನ ಹೆಣ್ಣು ಮಾಡ್ತು” ಹೇಳಿ ಯಾರ ಹತ್ರವೋ ಹೇಳಿದ್ನಡ. ಹೇಳ್ಲಿ. ಅನ್ನ ಹಾಕಿ, ಉಣುಗು ತೆಗೆದು, ಗಾಯ ತೊಳೆದವ್ಕೆ ಆ ನಾಯಿ ಎಲ್ಲಿಗೆ ಹೋಗವು, ಎಲ್ಲಿಗೆ ಹೋಪಲಾಗ ಹೇಳಿ ಹೇಳೋ ಹಕ್ಕೂ ಇದ್ದು. ನಿಂಗಳ ಮನೆ ಅಂಗಳದಲ್ಲಿ ಅಂಥ ಮೇಜು ಎದ್ರೆ ಮುರಿಯಲೆ ಹೋಗಡಿ. ತಂತಿ ಕಿತ್ತು ಹಾಕಿ, ಗೋಣಿತಾಟು ಹಾಸಿ, ನಾಯಿಯ ಕಿವಿ ನೋಡಿ.