ಕ್ಯಾಶುವಾಲ್ಟಿ ಬಾಗಿಲಲ್ಲಿ ಬಡವನೇ ಏಕೆ?

ಕನ್ನಡದ ಯುವ ಗೆಳೆಯರೇ,

ಬೆಂಗಳೂರಿನ ವಿಕ್ಟೋರಿಯಾ ಇರಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಇರಲಿ, ರಾತ್ರಿ ಹತ್ತರ ಮೇಲೆ ಕ್ಯಾಶುವಾಲ್ಟಿ ಮುಂದೆ ಒಮ್ಮೆ ನಿಂತು ನೋಡಿ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಪೌರಕಾರ್ಮಿಕರು. ‘ಈ ಜನಕ್ಕೆ ಬುದ್ಧಿ ಇಲ್ಲ, ರೋಗ ಬಲಿತ ಮೇಲೆ ಓಡಿ ಬರ್ತಾರೆ’ ಎಂದು ಓದಿದವರು ಮೂಗು ಮುರಿಯುತ್ತಾರೆ.

ಇದು ಬುದ್ಧಿಯ ಪ್ರಶ್ನೆಯೇ? ಖಂಡಿತ ಅಲ್ಲ!

ನನ್ನ ಪ್ರೆಸ್ಸಿನಲ್ಲಿ ಒಬ್ಬ ಬೈಂಡರ್ ಇದ್ದಾನೆ. ಸಕ್ಕರೆ ಕಾಯಿಲೆ. ಕಾಲಿಗೆ ಗಾಯವಾಯಿತು. ಆಸ್ಪತ್ರೆಯವರು ಡ್ರೆಸ್ಸಿಂಗ್ ಮಾಡಿ ಒಂದು ಚೀಟಿ ಕೊಟ್ಟರು. ದಿನ ಬಿಟ್ಟು ದಿನ ಬರಬೇಕೆಂದು ಅದರಲ್ಲಿತ್ತು, ಇಂಗ್ಲಿಷಿನಲ್ಲಿ. ಅವನು ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಚೀಟಿ ಜೇಬಿನಲ್ಲೇ ಉಳಿಯಿತು. ಹತ್ತನೇ ದಿನ ನಡುರಾತ್ರಿ ಜ್ವರ, ಕಾಲು ಕಪ್ಪು. ಕ್ಯಾಶುವಾಲ್ಟಿಗೆ ಹೊತ್ತೊಯ್ದೆವು. ಎರಡು ಬೆರಳು ಹೋದವು.

ತಪ್ಪು ಆ ಚೀಟಿಯದ್ದು ಮಾತ್ರವಲ್ಲ. ಅರ್ಧ ದಿನ ರಜೆ ಕೇಳಿದರೆ ಅವನ ಕೂಲಿ ಮುರಿಯುತ್ತಿದ್ದವನು ನಾನೇ. ಇಂಗ್ಲಿಷಿನಲ್ಲೇ ಆಸ್ಪತ್ರೆ ಫಾರಂಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿ ದುಡ್ಡು ಎಣಿಸಿದವನೂ ನಾನೇ. ‘ಕನ್ನಡದಲ್ಲೂ ಹಾಕೋಣ ಸ್ವಾಮಿ’ ಎಂದು ಒಮ್ಮೆಯೂ ಕೇಳಲಿಲ್ಲ.

2022ರ ಡಿಸೆಂಬರಿನಲ್ಲಿ ಸರ್ಕಾರ ‘ನಮ್ಮ ಕ್ಲಿನಿಕ್’ ತೆರೆಯಿತು. ಒಳ್ಳೆಯದೇ. ಆದರೆ ಹೆಚ್ಚಿನವಕ್ಕೆ ಬೆಳಗ್ಗೆ 9ರಿಂದ ಸಂಜೆ 4.30ರ ವೇಳೆ. ಕೂಲಿಯವನೂ ಅದೇ ಹೊತ್ತಿನಲ್ಲಿ ದುಡಿಯಬೇಕಲ್ಲ? ಹೋದರೆ ಆ ದಿನದ ಅನ್ನ ಹೋಯಿತು. ಹಗಲಿನ ಬಾಗಿಲು ಹೀಗೆ ಮುಚ್ಚಿದ ಮೇಲೆ ಅವನಿಗೆ ಉಳಿಯುವುದು ರಾತ್ರಿಯ ಬಾಗಿಲೊಂದೇ. ಕ್ಯಾಶುವಾಲ್ಟಿ ತುಂಬುವುದು ಬಡತನದಿಂದ, ದಡ್ಡತನದಿಂದಲ್ಲ.

ಆ ಬಾಗಿಲಲ್ಲೂ ‘ಮೊದಲು ಅಡ್ವಾನ್ಸ್ ಕಟ್ಟಿ’ ಎನ್ನುವ ಖಾಸಗಿಯವರಿದ್ದಾರೆ. ಕಾನೂನು ಏನು ಹೇಳುತ್ತದೆ ಗೊತ್ತೇ? ಸರ್ಕಾರಿ ವೈದ್ಯನಾಗಲಿ ಖಾಸಗಿ ವೈದ್ಯನಾಗಲಿ ಮೊದಲು ಜೀವ ಉಳಿಸಬೇಕು, ಪೊಲೀಸ್ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ತುರ್ತು ಸಂದರ್ಭದಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯಬಾರದೆಂದು 2017ರಲ್ಲಿ ತಿದ್ದುಪಡಿಯಾದ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಇದು ಎಷ್ಟು ಜನ ಬಡವರಿಗೆ ಗೊತ್ತು? ತಿಳಿಯದ ಭಾಷೆಯಲ್ಲಿರುವ ಹಕ್ಕು ಬೀಗ ಹಾಕಿದ ಪೆಟ್ಟಿಗೆಯೊಳಗಿನ ರೊಟ್ಟಿ!

ಗೆಳೆಯರೇ, ಅಂಗಡಿಯ ಬೋರ್ಡು ಕನ್ನಡವಾಗಬೇಕು, ಸರಿ. ಅದಕ್ಕಿಂತ ಮೊದಲು ಔಷಧಿ ಚೀಟಿ, ಡಿಸ್ಚಾರ್ಜ್ ಕಾಗದ, ಆಪರೇಷನ್ನಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಪ್ಪಿಗೆ ಪತ್ರ ಕನ್ನಡವಾಗಲಿ. ನಿಮ್ಮ ಬೀದಿಯ ಕ್ಲಿನಿಕ್ಕು ರಾತ್ರಿ ಎಂಟರವರೆಗೆ ತೆರೆದಿರಲೆಂದು ಶಾಸಕರ ಮನೆ ಬಾಗಿಲು ತಟ್ಟಿ. ಆ ಕಾಗದಗಳನ್ನು ಕನ್ನಡದಲ್ಲಿ ಮಾಡಿಸಲು ಯಾವ ಆಸ್ಪತ್ರೆ ಒಪ್ಪಿದರೂ ಮೊದಲ ಸಾವಿರ ಪ್ರತಿ ನಾನು ಬಿಟ್ಟಿ ಅಚ್ಚು ಹಾಕಿಕೊಡುತ್ತೇನೆ. ಬೈಂಡರನ ಆಸ್ಪತ್ರೆ ರಜೆಗೆ ಈಗ ಕೂಲಿ ಮುರಿಯುತ್ತಿಲ್ಲ.

ಹೋದ ಎರಡು ಬೆರಳು ಮಾತ್ರ ಬರಲಿಲ್ಲ.