ಮದ್ಯಸಾರ ತೆಗೆದ ಮೇಲೆ ಉಳಿಯುವುದೇನು?



ನಮ್ಮ ರಾಮಾಪುರ, ಹನೂರು ಕಡೆ ‘ವೈನ್ಸ್’ ಎಂದು ಬೋರ್ಡ್ ಹಾಕಿದ ಅಂಗಡಿಗಳಲ್ಲಿ ಮಾರುವುದು ಹೆಚ್ಚಾಗಿ ಬ್ರಾಂದಿ, ವಿಸ್ಕಿ. ನಿಜವಾದ ವೈನ್ ಎಂದರೆ ಹುದುಗು ಬರಿಸಿದ ದ್ರಾಕ್ಷಿ ರಸ. ಅದರಲ್ಲಿ ಸಾಮಾನ್ಯವಾಗಿ ಶೇ. 12ರಿಂದ 14ರಷ್ಟು ಮದ್ಯಸಾರ ಇರುತ್ತದೆ. ಸರ್ಕಾರ 2007ರಲ್ಲಿ ಸಾರಾಯಿ ನಿಷೇಧಿಸಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗಾಗಿ ವೈನ್ ನೀತಿಯನ್ನೂ ತಂದಿತು. ಈಗ ನಗರಗಳಲ್ಲಿ ಮದ್ಯಸಾರ ತೆಗೆದ ವೈನ್ ಸಿಗುತ್ತಿದೆ. ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳು, ‘ಇದರಲ್ಲಿ ಅಮಲೇ ಇಲ್ಲ, ಕುಡಿದರೆ ತಪ್ಪೇನು?’ ಎಂದು ಕೇಳುತ್ತಾರೆ. ಗದರಿಸಿ ಬಾಯಿ ಮುಚ್ಚಿಸಿದರೆ ಅದು ಉತ್ತರವಾಗುವುದಿಲ್ಲ. ಇಂಜಿನಿಯರ್ ಆಗಿದ್ದವನು ನಾನು; ಅದನ್ನು ಮಾಡುವ ಬಗೆಯನ್ನೇ ಮೊದಲು ನೋಡೋಣ.

ನೀರು 100 ಡಿಗ್ರಿಯಲ್ಲಿ ಕುದಿದರೆ ಮದ್ಯಸಾರ ಸುಮಾರು 78 ಡಿಗ್ರಿಯಲ್ಲೇ ಕುದಿಯುತ್ತದೆ. ಸಾರಾಯಿ ಭಟ್ಟಿ ಇಳಿಸುವವರು ಆವಿಯನ್ನು ಹಿಡಿದು ಉಳಿದದ್ದನ್ನು ಚೆಲ್ಲುತ್ತಾರೆ. ಇಲ್ಲಿ ಆವಿಯನ್ನು ಬೇರ್ಪಡಿಸಿ ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಅಷ್ಟು ಕಾಯಿಸಿದರೆ ದ್ರಾಕ್ಷಿಯ ರುಚಿ ಕೆಟ್ಟು ಬೆಂದ ವಾಸನೆ ಬರುತ್ತದೆ. ಆದ್ದರಿಂದ ಪಾತ್ರೆಯೊಳಗಿನ ಒತ್ತಡ ಇಳಿಸಿ 30–40 ಡಿಗ್ರಿಯಲ್ಲೇ ಆವಿ ಮಾಡುತ್ತಾರೆ. ಇನ್ನೊಂದು ವಿಧಾನ ನಮ್ಮ ಊರುಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿರುವಂಥ ಆರ್‌ಒ ಪೊರೆಯದು. ನೀರು ಮತ್ತು ಮದ್ಯಸಾರ ಪೊರೆ ದಾಟುತ್ತವೆ. ಬಣ್ಣ, ಹುಳಿ, ಒಗರು ಈಚೆ ಉಳಿಯುತ್ತವೆ. ಆಮೇಲೆ ಮದ್ಯಸಾರ ಬೇರೆ ಮಾಡಿ ನೀರನ್ನು ಮತ್ತೆ ಸೇರಿಸುತ್ತಾರೆ.

ಯಾವ ವಿಧಾನವಾದರೂ ಹೋಗುವುದು ಅಮಲು ಮಾತ್ರವಲ್ಲ. ವೈನಿನ ಪರಿಮಳವನ್ನು ಹೊತ್ತು ತರುವುದು, ಬಾಯಿಗೆ ಮೈತುಂಬಿದಂತೆ ಅನಿಸುವುದು, ಗಂಟಲಿಗೆ ಬಿಸಿ ತಾಗಿಸುವುದು, ಬೇಗ ಕೆಡದಂತೆ ಕಾಯುವುದು, ಇವೆಲ್ಲ ಮದ್ಯಸಾರದ ಕೆಲಸ. ಅದು ಹೋದಾಗ ರಸ ತೆಳ್ಳಗಾಗಿ ಹುಳಿ, ಒಗರು ಎದ್ದು ಕಾಣುತ್ತವೆ. ಇದನ್ನು ಮರೆಸಲು ಅನೇಕರು ಸಕ್ಕರೆಯನ್ನೋ ದ್ರಾಕ್ಷಿಯ ಗಟ್ಟಿ ರಸವನ್ನೋ ಬೆರೆಸುತ್ತಾರೆ. ಇಷ್ಟೆಲ್ಲ ಯಂತ್ರದ ಖರ್ಚು ಬೆಲೆಗೆ ಸೇರುತ್ತದೆ. ತೆಗೆದದ್ದು ಪೂರ್ತಿ ಸೊನ್ನೆಯೂ ಆಗಿರಬೇಕಿಲ್ಲ; ಶೇ. 0.5ರೊಳಗೆ ಉಳಿದಿದ್ದರೆ ನಮ್ಮ ಆಹಾರ ನಿಯಮ ಅದನ್ನು ಮದ್ಯವೆಂದು ಎಣಿಸುವುದಿಲ್ಲ.

ಹಾಗಾದರೆ ಉತ್ತರವೇನು? ಕೇಳುವವರು ಯಾರೆಂದು ನೋಡಿ ಹೇಳಬೇಕು. ಎಂದೂ ಕುಡಿಯದವರಿಗೆ ಇದರ ಅಗತ್ಯವೇ ಇಲ್ಲ. ದ್ರಾಕ್ಷಿ ಬೇಕಾದರೆ ನಮ್ಮದೇ ಬೆಂಗಳೂರು ನೀಲಿ ದ್ರಾಕ್ಷಿ ಇದೆ. ಹಣ್ಣು ತಿನ್ನಲಿ, ಬೆಳೆದವನಿಗೂ ಹಣ ಸೇರಲಿ. ಕುಡಿಯುವವರು ಮದ್ಯದ ಬದಲು ಇದನ್ನು ಹಿಡಿದರೆ ನಗಬೇಡಿ, ಅದು ಕಡಿಮೆ ಕೇಡಿನ ದಾರಿ. ಆದರೆ ಕುಡಿತಕ್ಕೆ ದಾಸರಾಗಿ ಕಷ್ಟಪಟ್ಟು ಬಿಟ್ಟವರ ಮುಂದೆ, ಮದುವೆ ಮನೆಯಲ್ಲಾಗಲಿ ಗೃಹಪ್ರವೇಶದಲ್ಲಾಗಲಿ, ‘ಏನೂ ಆಗಲ್ಲ’ ಎಂದು ಈ ಬಾಟಲಿ ಇಡಬೇಡಿ. ಅದೇ ವಾಸನೆ, ಅದೇ ಲೋಟ ಹಳೆಯ ಚಟವನ್ನು ಕೆರಳಿಸಬಲ್ಲವು. ಅಂಥವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಹೆಂಡದ ಮಾರಯ್ಯನವರನ್ನೂ ಶರಣರೆಂದು ನೆನೆಯುವವರು ನಾವು. ಕುಡಿಯುವವರನ್ನು ದೂರವಿಡದೆ, ಬಿಟ್ಟವರು ಮತ್ತೆ ಜಾರದಂತೆ ಜೊತೆಗಿರುವುದು ನಮ್ಮ ಮನೆಗಳ ಕೆಲಸ. ಮುಂದಿನ ಮದುವೆಯ ಊಟದಲ್ಲಿ ಪಾನಕ, ಮಜ್ಜಿಗೆ ಧಾರಾಳವಾಗಿರಲಿ.